ಹತ್ತಕ್ಕೆ ಎಷ್ಟು ನೋವು

ಹನ್ನೊಂದನೆಯ ವಾರವೂ ಮೇಷ್ಟ್ರು ನೋವಿನ ಹಾಳೆಯಲ್ಲಿ ‘ಒಂದು’ ಎಂದು ಬರೆದರು. ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ತಡೆಯಲಾರದ್ದು. ಮೊದಲ ದಿನ ಏಳು ಬರೆದಿದ್ದ ಮನುಷ್ಯ. ಆ ಒಂದನ್ನು ಕಂಡು ಫಿಸಿಯೋಥೆರಪಿಸ್ಟಳ ಮುಖ ಅರಳಿತು. ಅದು ಅರಳುವುದನ್ನು ಮೇಷ್ಟ್ರು ಕದ್ದು ನೋಡಿದರು, ಸಿಕ್ಕಿಬಿದ್ದೆನೆಂದು ಗೊತ್ತಾದಾಗ ಗೋಡೆಯ ಮೇಲಿನ ಮೂಳೆಗಳ ಚಿತ್ರದತ್ತ ಕಣ್ಣು ಹೊರಳಿಸಿದರು.

ಅವರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಬೆಳಗಿನ ಓಟ ಬಿಟ್ಟರೆ ಬೇರೆ ಚಟವಿರಲಿಲ್ಲ. ಆ ಓಟದಿಂದಲೇ ಮಂಡಿ ಹಿಡಿದಿತ್ತು. ಅವಳು ಮೊದಲ ದಿನವೇ ಬಿಡಿಸಿ ಹೇಳಿದ್ದಳು: ಮಂಡಿಚಿಪ್ಪು ತೊಡೆಮೂಳೆಯ ತುದಿಯ ತೋಡಿನಲ್ಲಿ ಜಾರುತ್ತಿರುತ್ತದೆ, ಸೊಂಟ, ತೊಡೆಗಳ ಸ್ನಾಯುಗಳು ತಾಳಲಾರದಷ್ಟು ಓಡಿದರೆ ಚಿಪ್ಪಿನ ಹಿಂದೆ ಒತ್ತಡ ಬಿದ್ದು ಕೆರಳುತ್ತದೆ. ಮೆಟ್ಟಿಲಿಳಿಯುವಾಗ ನೋಯುವುದು ಅದಕ್ಕೇ. ಮಾತ್ರೆ ನುಂಗಿದರೆ ಹೋಗುವುದಲ್ಲ; ಸ್ನಾಯು ಬಲಿಸುತ್ತ ಹೊರೆಯನ್ನು ಚೂರುಚೂರೇ ಏರಿಸಬೇಕು. ಎಷ್ಟು ಏರಿಸಬೇಕೆಂದು ತಿಳಿಯುವುದು ಆ ಸಂಖ್ಯೆಯಿಂದ. ಮೂರರೊಳಗಿದ್ದರೆ ಮುಂದಕ್ಕೆ, ದಾಟಿದರೆ ಹಿಂದಕ್ಕೆ.

ಸಂಖ್ಯೆ ಇಳಿಯುತ್ತ ಹೋಯಿತು, ಅವಳು ಹೊರೆ ಏರಿಸುತ್ತ ಹೋದಳು. ಉಳಿದವರಿಗೆಲ್ಲ ಅರ್ಧ ಗಂಟೆ, ಈ ಮಂಡಿಗೆ ಮಾತ್ರ ಮುಕ್ಕಾಲು ಗಂಟೆ ಯಾಕಮ್ಮಾ ಎಂದು ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳುವ ಅಕ್ಕ ಕಾಲೆಳೆಯುತ್ತಿದ್ದಳು. ರೋಗಿಯನ್ನು ಆ ಕಣ್ಣಿನಿಂದ ನೋಡಕೂಡದೆಂಬುದು ಅವಳ ವೃತ್ತಿಯ ನೇಮ. ಅವಳು ದಿನ ಎಣಿಸುತ್ತಿದ್ದಳು. ಹನ್ನೆರಡನೆಯ ವಾರ ಗುಣವಾಯಿತೆಂದು ಬರೆದುಕೊಟ್ಟು, ಮರುದಿನ ತಾನೇ ಫೋನ್ ಮಾಡುವುದು. ಇನ್ನು ಒಂದೇ ವಾರ.

ಆ ದಿನ ಮೇಷ್ಟ್ರು ನೀರಿನ ಬಾಟಲಿ ಮರೆತು ಹೋದರು. ಅದನ್ನು ಹಿಡಿದು ಅವಳು ಮೆಟ್ಟಿಲಿನವರೆಗೆ ಓಡಿದಳು.

ಅವರು ಅಡ್ಡಕ್ಕೆ ತಿರುಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ಉಸಿರು ಹಿಡಿದು ಇಳಿಯುತ್ತಿದ್ದರು.

ಅವಳು ಕೈ ಹಿಡಿದು ಒಳಗೆ ಕರೆತಂದು, ಒಂಟಿ ಕಾಲಲ್ಲಿ ಮಂಡಿ ಮಡಚಲು ಹೇಳಿದಳು. ಕಾಲು ಗಡಗಡ ನಡುಗಿತು. ಎಷ್ಟು ಎಂದು ಕೇಳಿದಳು.

“ಎಂಟು.”

ನಾಲ್ಕನೆಯ ವಾರದಿಂದ ಒಮ್ಮೆಯೂ ಆರರ ಕೆಳಗಿಳಿದಿರಲಿಲ್ಲವಂತೆ. ಅವಳು ಬರೆದುಕೊಟ್ಟ ಐದು ಕಿಲೋಮೀಟರನ್ನೂ ಆ ನೋವಿನಲ್ಲೇ ಓಡಿದ್ದರಂತೆ.

“ಯಾಕೆ ಮೇಷ್ಟ್ರೆ?”

“ಆ ವಾರ ಆರು ಅಂತ ಬರೆದೆ. ನಿಮ್ಮ ಮುಖ ಬಾಡಿಹೋಯ್ತು, ನಾನೇ ಎಲ್ಲೋ ತಪ್ಪು ಮಾಡ್ತಿದೀನಿ ಅಂದ್ರಿ. ಮುಂದಿನ ವಾರ ಮೂರು ಬರೆದೆ, ನಕ್ಕಿದ್ರಿ. ಅದನ್ನ ನೋಡಿದ್ಮೇಲೆ ನಿಜ ಬರೆಯೋಕೆ ಕೈ ಬರ್ಲಿಲ್ಲ.”

“ನಿಮ್ಮ ಸ್ಕೂಲಿನ ಮಕ್ಕಳು ಹೀಗೆ ನಿಮಗೆ ಬೇಕಾದ ಉತ್ತರ ಬರೆದ್ರೆ?”

“ಸೊನ್ನೆ ಕೊಡ್ತೀನಿ, ಮೇಡಂ.”

ಇಬ್ಬರಿಗೂ ನಗು ಬಂದು ಅರ್ಧಕ್ಕೇ ನಿಂತಿತು. ಅವಳ ಮುಂದೆ ಏಳು ವಾರಗಳ ಹಾಳೆಗಳಿದ್ದವು. ನೀಟಾದ ಕೈಬರಹ, ಏರುತ್ತ ಹೋದ ಭಾರ, ಎಲ್ಲ ಸುಳ್ಳಿನ ಮೇಲೆ ಕಟ್ಟಿದ್ದು. ಹಳತಾದಷ್ಟೂ ಈ ನೋವು ಹಟ ಹಿಡಿಯುತ್ತದೆ. ಈ ವರ್ಷ ಓಟವಿಲ್ಲ. ಮುಂದೆಯೂ ಮೊದಲಿನಂತೆ ಓಡಿಯಾರೆಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅವರ ಕಾಲನ್ನು ಈ ಗತಿಗೆ ತಂದದ್ದು ತನ್ನದೇ ಕೈ.

ಇನ್ನು ತಾನು ನೋಡುವುದು ಸರಿಯಲ್ಲವೆಂದು, ಹಿರಿಯ ಫಿಸಿಯೋಥೆರಪಿಸ್ಟರೊಬ್ಬರ ಹೆಸರಿಗೆ ಪತ್ರ ಬರೆಯತೊಡಗಿದಳು.

“ಅಂದ್ರೆ ಇನ್ಮೇಲೆ ನಾನು ನಿಮ್ಮ ಪೇಷೆಂಟ್ ಅಲ್ಲ,” ಎಂದರು ಮೇಷ್ಟ್ರು. “ಹಾಗಾದ್ರೆ ಹೇಳಬಹುದು. ನೀವಂದ್ರೆ ನಂಗಿಷ್ಟ.”

ಹನ್ನೊಂದು ವಾರ ಕಾದಿದ್ದ ಮಾತು. ಅವಳ ಪೆನ್ನು ನಿಂತಿತು.

“ನಂಗೂ ಇಷ್ಟ. ಅದಕ್ಕೇ ಭಯ. ನಾಳೆ ಒಂದೇ ಮನೇಲಿದ್ರೂ ನನ್ನ ಮುಖ ಬಾಡಬಾರದು ಅಂತ ನೀವು ನೋವು ನುಂಗ್ತೀರಿ. ಎಲ್ಲಾ ಸರಿಯಿದೆ ಅಂದ್ಕೊಂಡು ನಾನು ಇನ್ನೊಂಚೂರು ಹೊರಿಸ್ತೀನಿ.”

ಇನ್ನು ಮೇಲೆ ನಿಜವನ್ನೇ ಹೇಳುತ್ತೇನೆ ಎಂದರು ಅವರು. ಹೇಳಿ, ಅರಳಿತೇನೋ ಎಂದು ಅವಳ ಮುಖ ನೋಡಿದರು.

ಅವಳು ತಲೆ ತಗ್ಗಿಸಿ ಪತ್ರ ಮುಗಿಸಿದಳು.

ಮೆಟ್ಟಿಲಿಳಿಸಲು ತಾನೇ ಹೋದಳು. ಇಳಿಯುವಾಗ ನೋಯುವ ಕಾಲು ಮೊದಲು ಎಂದು ಹೇಳಿಕೊಟ್ಟು, ಹೆಗಲು ಕೊಟ್ಟಳು. ಅವರ ಕೈಯ ಭಾರ ಅವಳಿಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೇ ಕಣ್ಣನ್ನು ಮುಂದಿನ ಮೆಟ್ಟಿಲಿಗೆ ನೆಟ್ಟಳು. ಮೂರನೆಯ ಮೆಟ್ಟಿಲಲ್ಲಿ ಮೇಷ್ಟ್ರು ಮೆಲ್ಲಗೆ, “ನೋಯ್ತಿದೆ, ಸ್ವಲ್ಪ ನಿಲ್ಲೋಣ,” ಎಂದರು.

ಅವಳು ನಿಂತಳು. ಅದು ಅವರ ಮಂಡಿಯ ಮಾತೋ, ಅವಳಿಗೆ ಬೇಕಾಗಿದ್ದ ಮಾತೋ, ಎಷ್ಟು ಹೊತ್ತು ನಿಂತರೂ ಅವಳಿಗೆ ತಿಳಿಯಲಿಲ್ಲ.