ಅಜ್ಜನ ಕಾರಿನ ಬಾಗಿಲು

"ಅಯ್ಯೋ, ಹೋಗ್ತಾನೇ ಇಲ್ವಲ್ಲ ಇದು!"

ಅಜ್ಜನ ಕಾರಿನ ಬಾಗಿಲ ಮೇಲೆ ಉದ್ದನೆಯ ಗೀರು. ಮೊಮ್ಮಗಳ ಸೈಕಲ್ಲಿನ ಬ್ರೇಕ್ ಹಿಡಿ ತಗುಲಿ ಆದದ್ದು. ಅಜ್ಜ ಮೊದಲೇ ಹೇಳಿದ್ದರು: "ನನ್ನ ಕಾರಿಗೆ ಸೈಕಲ್ ತಾಗಿಸಿದ್ಯೋ, ಸೈಕಲ್ ಸೀದಾ ಅಟ್ಟಕ್ಕೆ!"

ಅವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಗೀರು ಮಾಯವಾಗಬೇಕು. ಮನೆಯಲ್ಲಿ ಅವಳಿಗೆ ಉಡ ಅಂತಲೇ ಹೆಸರು. ಹಿಡಿದದ್ದನ್ನು ಬಿಡುವವಳೇ ಅಲ್ಲ. ಪಾಲಿಶ್ ಹಚ್ಚಿದಳು, ಉಜ್ಜಿದಳು. ಊಹೂಂ!

ಕಾರುಗಳಿಗೆ ಪಾಲಿಶ್ ಹಾಕುವ ಅಂಗಡಿಯಲ್ಲಿ ಕೆಲಸ ಮಾಡುವ ಅತ್ತೆ ಕಿಟಕಿಯಿಂದ ನೋಡಿ ನಕ್ಕರು.

"ಲೇ ಉಡ, ಬಣ್ಣದ ಮೇಲೆ ಹಳೇ ವ್ಯಾಕ್ಸ್ ಗಟ್ಟಿಯಾಗಿ ಕೂತಿದೆ. ನಿನ್ನ ಪಾಲಿಶ್ ಅದರ ಮೇಲೆ ಜಾರ್ತಿದೆ ಅಷ್ಟೇ. ಮೊದ್ಲು ಅದನ್ನ ತೆಗಿ."

"ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ನೀರು ಚಿಮುಕಿಸು. ಉಂಡೆ ಉಂಡೆಯಾಗಿ ನಿಂತ್ರೆ ವ್ಯಾಕ್ಸ್ ಇನ್ನೂ ಇದೆ. ತೆಳ್ಳಗೆ ಹರಡಿಕೊಂಡ್ರೆ ಹೋಯ್ತು."

ವ್ಯಾಕ್ಸ್ ತೆಗೆಯುವ ಸ್ಪ್ರೇ ಕೊಟ್ಟು ಅತ್ತೆ ಸ್ನಾನಕ್ಕೆ ಹೋದರು.

ಹುಡುಗಿ ಸ್ಪ್ರೇ ಹೊಡೆದು ಒರೆಸಿದಳು. ನೀರು ಚಿಮುಕಿಸಿದರೆ ಉಂಡೆ! ಬಟ್ಟೆಯ ಮಗ್ಗುಲು ಬದಲಿಸಿ ಮತ್ತೆ ಒರೆಸಿದಳು. ಮತ್ತೆ ಉಂಡೆ! "ನಾನಾ ನೀನಾ, ನೋಡೇಬಿಡೋಣ" ಎಂದು ಹಲ್ಲು ಕಚ್ಚಿ ಒರೆಸಿದಳು. ತೋಳು ಪದ ಹೇಳುತ್ತಿತ್ತು. ಕೊನೆಗೂ ನೀರು ತೆಳ್ಳಗೆ ಹರಡಿತು.

ಆದರೆ ಇದೇನಿದು? ಕೀ ಹಾಕುವ ತೂತಿನ ಸುತ್ತ ಸಣ್ಣ ಸಣ್ಣ ಗೀರುಗಳು! ವ್ಯಾಕ್ಸ್ ಕೆಳಗೆ ಅಡಗಿದ್ದವು ಈಗ ಎದ್ದು ಕಾಣುತ್ತಿದ್ದವು. ಇವೂ ನನ್ನ ತಲೆಗೇ ಬರುತ್ತವೆ!

"ಏನೇ ಅದು?" ಹಿಂದೆ ಅಜ್ಜ ನಿಂತಿದ್ದರು.

"ಅಜ್ಜ, ಈ ಉದ್ದದ್ದು ನನ್ದು. ಸೈಕಲ್ ತಾಗ್ತು. ಆದ್ರೆ ಇವು ಮಾತ್ರ ದೇವರಾಣೆಗೂ ನಾನಲ್ಲ!"

ಅಜ್ಜ ಕಿಟಕಿಯತ್ತ ನೋಡಿ ದನಿ ತಗ್ಗಿಸಿದರು. "ಅವು ನನ್ನವು ಕಣೆ. ಕೀ ಹಾಕೋವಾಗ ಆಗೋದು. ವ್ಯಾಕ್ಸ್ ಬಳಿದು ಮುಚ್ಚಿಟ್ಟಿದ್ದೆ. ನಿಮ್ಮತ್ತೆ ನೋಡಿದ್ರೆ ಕೀನೇ ಕಿತ್ಕೊಂಡುಬಿಡ್ತಾಳೆ."

"ಮತ್ತೆ ನನ್ನ ಸೈಕಲ್?"

"ಅದನ್ನ ಅಟ್ಟಕ್ಕೆ ಹಾಕಿದ್ರೆ ಈ ಕಾರನ್ನೂ ಹಾಕ್ಬೇಕಾಗುತ್ತಲ್ಲೇ!"

ಹುಡುಗಿ ಕಿಸಕ್ಕನೆ ನಕ್ಕಳು. ಅಜ್ಜ ಪಾಲಿಶ್ ಬಾಟಲಿ ಎತ್ತಿಕೊಂಡು ಮುಚ್ಚಳ ತೆಗೆಯಹೋದರು. ಬೆರಳುಗಳು ನಡುಗುತ್ತಿದ್ದವು. ಮುಚ್ಚಳ ತಿರುಗಲಿಲ್ಲ.

ಹುಡುಗಿಯ ನಗು ನಿಂತುಹೋಯಿತು. ದಿನಾ ನೋಡುವ ಕೈ. ಇಷ್ಟು ದಿನ ಯಾಕೆ ಕಾಣಲಿಲ್ಲ?

"ಕೊಡಜ್ಜ. ಅತ್ತೆ ಸ್ನಾನ ಮುಗಿಸೋಷ್ಟ್ರಲ್ಲಿ ಉಜ್ಜಿಬಿಡ್ತೀನಿ."

ಬಟ್ಟೆಗೆ ಪಾಲಿಶ್ ಹಾಕಿಕೊಂಡು, ತನ್ನ ಗೀರನ್ನು ಹಾಗೇ ಬಿಟ್ಟು, ಅವಳು ಕೀ ತೂತಿನ ಸುತ್ತ ಉಜ್ಜತೊಡಗಿದಳು.