ಉಕ್ಕಿದ ಹಾಲು

ಅಡುಗೆಮನೆಯ ಗೋಡೆಯಲ್ಲಿ ಸಿಮೆಂಟು ಮೆತ್ತಿ ಮುಚ್ಚಿದ್ದ ಗೂಡನ್ನು ಒಡೆಯಬೇಡಿ ಎಂದು ಮನೆಯೊಡತಿ ಹೊನ್ನವ್ವ ಹೇಳಿದಾಗ ಕೌಸ್ತುಭ ನಕ್ಕುಬಿಟ್ಟ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಅವನು, ಬಸ್ಸಿನಲ್ಲಿ ಓಡಾಡಿದರಾಯಿತೆಂದು ಶಿಗ್ಗಾವಿಯಲ್ಲಿ ಆ ಮಹಡಿ ಮನೆಯನ್ನು ಬಾಡಿಗೆಗೆ ಹಿಡಿದಿದ್ದ. ತನ್ನ ನಾದಿನಿಗೆ ಯಾರೋ ಮಾಡಿಸಿದ್ದ ಮಾಟವನ್ನು ಅಲ್ಲಿ ಕಟ್ಟಿಹಾಕಿಸಿದ್ದೇನೆ ಎಂದಳು ಮುದುಕಿ.

"ಅದೊಂದು ಮುಟ್ಟಬ್ಯಾಡ್ರಿ ಸರ್ರ."

ಹೆಂಡತಿ ವೇದಾಳೂ ತಡೆದಳು. ಆದರೂ ರವಿವಾರ ಅವನು ಸುತ್ತಿಗೆ ಎತ್ತಿದ. ಒಳಗೊಂದು ಕುಡಿಕೆ. ಅದರಲ್ಲಿ ಹೆಣ್ಣಿನ ಕೂದಲ ಉಂಡೆ, ತೊಗಲಿನಲ್ಲಿ ಕತ್ತರಿಸಿ ಮಾಡಿದ ನಾಲಿಗೆ, ನಾಲಿಗೆಯ ತುಂಬ ಸೂಜಿ. ಸುಟ್ಟ ಕೂದಲಿನ ಕಮಟು ಮನೆಯಿಡೀ ಹಬ್ಬಿತು. ಎಲ್ಲವನ್ನೂ ಕಸದ ಗಾಡಿಗೆ ಎಸೆದು ಕೈ ತೊಳೆದುಕೊಂಡ.

ಮಧ್ಯಾಹ್ನ ಒಲೆಯ ಮುಂದೆ ವೇದಾ ದೇವರನಾಮ ಗುನುಗುತ್ತಿದ್ದಳು. ಒಮ್ಮೆಲೇ ಗಂಟಲು ಹಿಡಿದುಕೊಂಡಳು. ಬಾಯಿ ತೆರೆದಿತ್ತು. ದನಿಯಿಲ್ಲ. ಹಾಡು ಮಾತ್ರ ನಿಲ್ಲಲಿಲ್ಲ. ಅವಳದೇ ದನಿ. ಗೂಡಿನೊಳಗಿಂದ ಬರುತ್ತಿತ್ತು.

ವೈದ್ಯರಿಗೆ ಏನೂ ಸಿಗಲಿಲ್ಲ. ಮನೆ ಬಿಟ್ಟು ಹುಬ್ಬಳ್ಳಿಗೆ ಹೋದರೂ ಅವಳ ದನಿ ಆ ಗೋಡೆಯಲ್ಲೇ ಉಳಿಯಿತು. ಕೌಸ್ತುಭ ವೇದಾಳನ್ನು ಕರೆತಂದು ಹೊನ್ನವ್ವನ ಕಾಲು ಹಿಡಿದ. ಆ ಅಡುಗೆಮನೆಯಲ್ಲಿ ಬೇರೆ ಸಂಸಾರ ಹಾಲು ಉಕ್ಕಿಸಿದರೆ ಮಾಟ ಅವರನ್ನು ಹಿಡಿದು ಇವಳನ್ನು ಬಿಡುತ್ತದೆ ಎಂದಳು ಅವಳು. ಹೇಳಿ ಅವಳೇ ಹೆದರಿದಳು.

"ಹಂಗ ಮಾತ್ರ ಮಾಡಬ್ಯಾಡ್ರಿ. ಕೀಲಿ ಹಾಕಿಬಿಡೂಣು."

ಅದೇ ವಾರ, ಕಾಲೇಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹಿರೇಕೆರೂರಿನ ಹುಡುಗ ಮಾಲತೇಶ, ಬಸುರಿ ಹೆಂಡತಿ ಸುಧಾರಾಣಿಗಾಗಿ ಮನೆ ಹುಡುಕುತ್ತಿದ್ದ. ಹೊನ್ನವ್ವ ಹಿರೇಬೆಂಡಿಗೇರಿಯ ತಂಗಿಯ ಮನೆಗೆ ಹೋದದ್ದನ್ನು ನೋಡಿಕೊಂಡು ಕೌಸ್ತುಭ ಗೂಡಿಗೆ ಮತ್ತೆ ಸಿಮೆಂಟು ಮೆತ್ತಿ ಸುಣ್ಣ ಬಳಿದ. ಮನೆ ತೋರಿಸಿದ. ಗಾಳಿ ಬೆಳಕು ಚೆನ್ನಾಗಿದೆ ಎಂದ. ತನ್ನ ಬಳಿಯೇ ಉಳಿದಿದ್ದ ಕೀಲಿಕೈಯನ್ನು ತಾನೇ ಕೊಟ್ಟ. ಸುಧಾರಾಣಿ ಬಗ್ಗಿ ಅವನ ಕಾಲಿಗೆ ನಮಸ್ಕರಿಸಿದಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಹಾಲು ಉಕ್ಕಿಸಿದರು. ಹುಬ್ಬಳ್ಳಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ವೇದಾ ಕೆಮ್ಮಿದಳು.

"ರೀ," ಎಂದಳು.

ಕೌಸ್ತುಭ ಅತ್ತುಬಿಟ್ಟ. ಅವಳು ನಗಲಿಲ್ಲ. ಅವನನ್ನೇ ನೋಡುತ್ತ ಮೆಲ್ಲಗೆ ಕೇಳಿದಳು.

"ಆ ಮನೀಗೆ ಯಾರನ್ನ ಕಳಿಸಿದ್ರಿ?"

ಅವನು ಬಾಯಿ ತೆರೆಯುವ ಮೊದಲೇ ಫೋನ್ ಬಡಿದುಕೊಂಡಿತು. ಆಚೆಯಿಂದ ಮಾಲತೇಶ ಕೂಗುತ್ತಿದ್ದ.

"ಸರ್, ಸುಧಾಗ ಮಾತ ಹೊಂಟಿಲ್ರಿ. ಗ್ವಾಡ್ಯಾಗ ಯಾರೋ ಅಳಾಕತ್ತಾರ. ಅಕಿ ದನೀನ ಐತ್ರಿ ಅದು."

ವೇದಾ ಗಂಡನ ಕೈಯಿಂದ ಫೋನ್ ಕಿತ್ತುಕೊಂಡು, ಗೂಡು ಒಡೆದದ್ದರಿಂದ ಹಿಡಿದು ಎಲ್ಲವನ್ನೂ ಮಾಲತೇಶನಿಗೆ ಹೇಳಿದಳು. ಇನ್ನೊಬ್ಬರನ್ನು ಮಾತ್ರ ಆ ಮನೆಗೆ ಕರೆಯಬೇಡಪ್ಪ ಎಂದು ಬೇಡಿಕೊಂಡಳು. ಆಚೆ ಕಡೆ ಫೋನ್ ಕಟ್ಟಾಯಿತು.

ಈಗ ವೇದಾ ಕಾಯಿಪಲ್ಲೆ ಮಾರುವವಳೊಂದಿಗೆ ಮಾತಾಡುತ್ತಾಳೆ, ನೆರೆಯವರೊಂದಿಗೆ ಮಾತಾಡುತ್ತಾಳೆ. ಬಾಗಿಲ ಹೊರಗೆ ನಿಂತ ಕೌಸ್ತುಭನಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಅವನು ಒಳಗೆ ಕಾಲಿಟ್ಟರೆ ತುಟಿ ಮುಚ್ಚುತ್ತಾಳೆ.