ಹನ್ನೊಂದು ಸಲ ಕೈತಪ್ಪಿದ ಟಿಕೆಟ್

"ಅಯ್ಯೋ! ಅದನ್ನ ಹರೀಬೇಡ್ರೀ!"

ಸುಯುನ್ ಕೂಗುವಷ್ಟರಲ್ಲಿ ತಡವಾಗಿಹೋಗಿತ್ತು. ವಿಮಾನ ಟಿಕೆಟ್ ಅಂಗಡಿಯಲ್ಲಿ ಎದುರಿಗೆ ಕುಳಿತಿದ್ದ ದಾಂಡಿಗ ಗಂಡಸು ಅವಳ ಕಂಪ್ಯೂಟರ್ ಮೇಲಿದ್ದ ಹಸಿರು ಪೊಟ್ಟಣವನ್ನು ಟರ್ರೆಂದು ಹರಿದು, ಒಂದು ಹಿಡಿ ಜೋಳದ ಕುರುಕಲನ್ನು ಬಾಯಿಗೆ ತುಂಬಿಕೊಂಡಾಗಿತ್ತು.

ಮರುಕ್ಷಣವೇ ಪರದೆ ನಿಂತುಹೋಯಿತು.

ಕಾವ್ಶುಂಗ್‌ನಿಂದ ಒಸಾಕಾ, ಅಲ್ಲಿಂದ ಸಿಯೋಲ್, ಅಲ್ಲಿಂದ ಪೆನಾಂಗ್, ಮತ್ತೆ ಮನೆಗೆ. ಒಬ್ಬರಿಗೆ ಇಪ್ಪತ್ತೆಂಟು ಸಾವಿರ ತೈವಾನ್ ಡಾಲರ್. ಮುಕ್ಕಾಲು ಗಂಟೆ ಜಾಲಾಡಿ ಹಿಡಿದ ದರ. ಉಳಿದಿದ್ದದ್ದು ಎರಡೇ ಸೀಟು. ಕಂಪ್ಯೂಟರನ್ನು ಆರಿಸಿ, ಹೊತ್ತಿಸಿ, ಮತ್ತೆ ನೋಡುವಾಗ ಆ ಎರಡೂ ಯಾರದೋ ಪಾಲಾಗಿದ್ದವು!

"ರೀ ಸ್ವಾಮಿ, ನೀವು ತೈನಾನ್‌ನಲ್ಲೇ ಹುಟ್ಟಿ ಬೆಳೆದವರು ತಾನೇ? ಯಂತ್ರ ತೆಪ್ಪಗೆ ಕೆಲಸ ಮಾಡ್ಲಿ ಅಂತ ಇಟ್ಟಿರೋ ಪೊಟ್ಟಣ ಅದು! ಗಿರಾಕಿಗಳ ತಿಂಡಿಗಲ್ಲ!"

"ಗೊತ್ತು ಮೇಡಂ..." ಅವನ ಬಾಯಿ ಇನ್ನೂ ತುಂಬಿತ್ತು. "ನೀವು 'ಸೀಟು ಖಚಿತ ಮಾಡ್ಲಾ' ಅಂದ್ರಲ್ಲ... ಕೈ ತಾನಾಗೇ ಹೋಯ್ತು."

*ಎಂಥಾ ಆಸಾಮಿ ಗಂಟುಬಿದ್ದನಪ್ಪ!*

ಅವನ ಹೆಸರು ಫಾಂಗ್ ಬೋಜುನ್. ವಯಸ್ಸು ಮೂವತ್ತನಾಲ್ಕು. ಕಡಲ ಪಕ್ಕದಲ್ಲಿ ಹೂಮೀನಿನ ಹೊಂಡಗಳನ್ನು ಇಟ್ಟುಕೊಂಡಿದ್ದ. ಮನೆಯಲ್ಲಿದ್ದದ್ದು ಅವನು ಮತ್ತು ಎಂಬತ್ತೊಂದರ ಅಜ್ಜಿ ಮಾತ್ರ. ಅಜ್ಜಿ ಹುಡುಗಿಯಾಗಿದ್ದಾಗ ಕಾವ್ಶುಂಗ್‌ನ ರೇಡಿಯೋ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಮೂವರು ಗೆಳತಿಯರು ಈಗ ಮೂರು ದೇಶಗಳಲ್ಲಿದ್ದರು. ಪೆನಾಂಗ್‌ನವಳಿಗೆ ಈ ವರ್ಷ ಮರೆವಿನ ಕಾಯಿಲೆ ಶುರುವಾಗಿತ್ತು.

"ಅವ್ಳು ನನ್ನ ಮರೆಯೋದ್ರೊಳಗೆ ಒಂದ್ಸಲ ಮುಖ ತೋರಿಸ್ಬೇಕು" ಎಂದು ಅಜ್ಜಿ ಹಟ ಹಿಡಿದಿದ್ದಳು. ಒಬ್ಬಳನ್ನೇ ಕಳಿಸುವ ಹಾಗಿರಲಿಲ್ಲ. ಮೊಮ್ಮಗ ಜೊತೆಗೆ ಹೋಗಲೇಬೇಕು.

ಆ ಮಾತು ಕೇಳಿದಾಗ ಸುಯುನ್‌ಳ ಕೋಪ ಅರ್ಧ ಇಳಿಯಿತು. ಅವಳು ಹೊಸ ಪೊಟ್ಟಣ ತಂದು ಕಂಪ್ಯೂಟರ್ ಮೇಲಿಟ್ಟು, ಕೈಮುಗಿದು, ಮತ್ತೆ ಹುಡುಕಿದಳು.

"ನೋಡಿ, ಸಿಕ್ತು! ಈ ತಿಂಗಳೇ ಇದೆ. ಇನ್ನೂ ಅಗ್ಗ."

"ಈ ತಿಂಗಳು ಏಳನೇ ತಿಂಗಳು ಮೇಡಂ... ಅಜ್ಜಿ ವಿಮಾನ ಹತ್ತಲ್ಲ."

ಸುಯುನ್ ಹಣೆ ಚಚ್ಚಿಕೊಂಡಳು. ಅವಳಿಗಾದರೂ ಹೊಳೆಯಬೇಡವೇ? ಪಂಚಾಂಗದ ಏಳನೇ ತಿಂಗಳು ಸತ್ತವರಿಗೆ ಬಾಗಿಲು ತೆರೆಯುವ ತಿಂಗಳು. ಅಂಗಡಿಯ ಹೊರಗೆ ಅವಳ ಚಿಕ್ಕಮ್ಮ ಮೇಜು ಹಾಕಿ, ಹಣ್ಣು, ಬಿಸ್ಕತ್ತು, ತಂಪು ಪಾನೀಯ ಇಟ್ಟು, ಊದುಬತ್ತಿ ಹಚ್ಚುತ್ತಿದ್ದಳು. ದೆವ್ವ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ಒಳ್ಳೇ ಅಣ್ಣಂದಿರು' ಎನ್ನಬೇಕು. ಈ ತಿಂಗಳು ಮದುವೆಯಿಲ್ಲ, ಮನೆ ಬದಲಾವಣೆಯಿಲ್ಲ, ದೂರಪ್ರಯಾಣವಿಲ್ಲ. ಅದಕ್ಕೇ ಟಿಕೆಟ್ ಅಗ್ಗ. ಯಾವ ಅಜ್ಜಿ ತಾನೇ ಒಪ್ಪುತ್ತಾಳೆ?

"ಸರಿ, ಮುಂದಿನ ತಿಂಗಳು ನೋಡೋಣ. ಆದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಬಿಡಿಬಿಡಿಯಾಗಿ ತಗೊಂಡ್ರೆ ಅಗ್ಗ ಅನ್ಸುತ್ತೆ, ಆಮೇಲೆ ಅಜ್ಜಿ ಪೆಟ್ಟಿಗೆಗೆ ಪ್ರತಿ ಸಲ ದುಡ್ಡು ಕೀಳ್ತಾರೆ. ಒಂದು ವಿಮಾನ ತಡವಾದ್ರೆ ಮುಂದಿನದು ನಿಮಗೋಸ್ಕರ ಕಾಯಲ್ಲ. ನಾನು ಒಂದೇ ಟಿಕೆಟ್ಟಲ್ಲಿ ನಾಲ್ಕೂ ಹಾರಾಟ ಹಾಕ್ತೀನಿ. ಆದ್ರೆ ಮೊದಲನೇದನ್ನ ಹತ್ತದೇ ಬಿಟ್ರೆ ಉಳಿದ ಮೂರೂ ತಾನಾಗೇ ರದ್ದು. ತಿಳೀತಾ?"

"ಮೊದಲನೇದು ಹತ್ತದಿದ್ರೆ... ಮುಂದಿನದೆಲ್ಲ ರದ್ದು." ಅವನು ಶಾಲೆಯ ಮಗುವಿನಂತೆ ಹೇಳಿದ. ಹಣೆಯಲ್ಲಿ ಬೆವರು ಮೂಡಿತ್ತು.

"ಹಾಗಾದ್ರೆ ಖಚಿತ ಮಾಡ್ಲಾ?"

"ನಾಳೆ ಬರ್ತೀನಿ!"

ಅಂದು ಕಾಲುಕಿತ್ತವನು ಮರುದಿನ ಬಂದ. ಅದರ ಮರುದಿನವೂ ಬಂದ...

ಎಂಟನೇ ತಿಂಗಳ ದರ ತೆಗೆದರೆ, "ಹುಣ್ಣಿಮೆ ಹಬ್ಬಕ್ಕೆ ಅಜ್ಜಿ ಮನೇಲಿರ್ಬೇಕಂತೆ." ಹಬ್ಬದ ನಂತರದ ದರ ತೆಗೆದರೆ, "ಆಗ ಚಂಡಮಾರುತ ಬಂದ್ರೆ?" ಬೆಳಗಿನ ವಿಮಾನವಾದರೆ ಅಜ್ಜಿಗೆ ನಿದ್ದೆ ಸಾಲದು, ಸಂಜೆಯದಾದರೆ ಕಣ್ಣು ಮಂಜು. ನಾಲ್ಕು ಅಂದರೆ 'ಸಾವು' ಅಂದ ಹಾಗೆ ಕೇಳುತ್ತದಂತೆ, ಆ ಸಾಲಿನ ಸೀಟು ಅಪಶಕುನ, ರೆಕ್ಕೆಯ ಹತ್ತಿರದ್ದು ಗದ್ದಲ!

ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರ. ಅವನು ಹೋದ ಮೇಲೆ ಪ್ರತಿ ಸಲ ದರ ಏರುತ್ತಿತ್ತು, ಸುಯುನ್‌ಳ ತಲೆ ಚಿಟ್ಟು ಹಿಡಿಯುತ್ತಿತ್ತು.

"ಚಿಕ್ಕಮ್ಮಾ, ಈ ಮನುಷ್ಯನಿಗೆ ಟಿಕೆಟ್ ಕೊಡೋದಕ್ಕಿಂತ ವಿಮಾನಾನೇ ಕೊಂಡು ಕೊಡೋದು ಸುಲಭ!"

"ಬೈತೀಯ, ಆದ್ರೆ ಹತ್ತು ಗಂಟೆಯಾದ್ರೆ ಬಾಗಿಲು ನೋಡ್ತಾ ಕೂತಿರ್ತೀಯಲ್ಲೇ" ಎಂದಳು ಚಿಕ್ಕಮ್ಮ.

"ನಾನಾ? ಥೂ!"

ನೋಡುತ್ತಿದ್ದಳು. ನಾವೇಕೆ ಸುಳ್ಳು ಹೇಳೋಣ?

ಏಕೆಂದರೆ ಅವನು ಬರಿಗೈಯಲ್ಲಿ ಬರುತ್ತಿರಲಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಬಿಸಿಬಿಸಿ ಹೂಮೀನಿನ ಗಂಜಿ ತರುತ್ತಿದ್ದ. ಹೂಮೀನೆಂದರೆ ಮೈತುಂಬ ಮುಳ್ಳು, ಇನ್ನೂರಕ್ಕೂ ಮೇಲೆ. ಅವನ ಡಬ್ಬಿಯಲ್ಲಿ ಒಂದೇ ಒಂದು ಮುಳ್ಳೂ ಸಿಗುತ್ತಿರಲಿಲ್ಲ.

"ಯಾರು ಬಿಡಿಸಿದ್ದು?"

"ನಾನೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದು."

ಮೀನಿನ ಕೂದಲೆಳೆಯಂಥ ಮುಳ್ಳನ್ನು ತೆಗೆಯುವಾಗ ನಡುಗದ ಈ ಕೈಗಳು, ಟಿಕೆಟ್ ಎಂದೊಡನೆ ಏಕೆ ಬೆವರುತ್ತವೆ? ಸುಯುನ್ ಒಮ್ಮೆ ಯೋಚಿಸಿದಳು. *ಬಹುಶಃ... ಟಿಕೆಟ್ ಬರೀ ನೆಪವೇನೋ. ನನ್ನನ್ನೇ ನೋಡೋಕೆ ಬರ್ತಾನೇನೋ...*

ಹಾಗೆ ಅಂದುಕೊಂಡ ದಿನ ಅವಳು ಹೊಸ ಕಿವಿಯೋಲೆ ಹಾಕಿಕೊಂಡು ಬಂದಳು. ಅವನು ಅದನ್ನು ಗಮನಿಸಲೇ ಇಲ್ಲ! "ವಿಮಾನದ ಬಾಗಿಲು ನಡುದಾರೀಲಿ ತೆರೆದುಕೊಳ್ಳಲ್ಲ ಅಲ್ವಾ ಮೇಡಂ?" ಎಂದು ಕೇಳಿ ಹೊರಟುಹೋದ. ಅವಳಿಗೆ ಎಷ್ಟು ಉರಿಯಿತೆಂದರೆ, ಮಧ್ಯಾಹ್ನದವರೆಗೆ ಬಂದ ಗಿರಾಕಿಗಳೆಲ್ಲ ಬೈಸಿಕೊಂಡರು.

ಅವನು ಹನ್ನೊಂದನೇ ಸಲ ಬಂದಾಗ ಏಳನೇ ತಿಂಗಳು ಮುಗಿಯಲು ನಾಲ್ಕು ದಿನವಿತ್ತು.

ಹಿಂದಿನ ದಿನ ಪೂರ್ತಿ ಕುಳಿತು ಸುಯುನ್ ಹೊಸ ದಾರಿ ಕಂಡುಹಿಡಿದಿದ್ದಳು. ಹಬ್ಬವಿಲ್ಲ, ಚಂಡಮಾರುತದ ಕಾಲವಲ್ಲ, ನಡುಹಗಲಿನ ವಿಮಾನಗಳು, ಹನ್ನೆರಡನೇ ಸಾಲು, ಪೆಟ್ಟಿಗೆಗೆ ಪ್ರತ್ಯೇಕ ದುಡ್ಡಿಲ್ಲ. ಇಪ್ಪತ್ತೊಂಬತ್ತು ಸಾವಿರ! ಇದಕ್ಕೆ ಅವನೇನು, ಅವನ ಏಳು ತಲೆಮಾರಿನವರು ಬಂದರೂ ನೆಪ ಹೇಳಲಾರರು.

"ಹೇಳಿ ಈಗ! ಖಚಿತ ಮಾಡ್ಲಾ?"

ಬೋಜುನ್ ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನ್ ಟಿಂಗ್ ಎಂದಿತು. ಪರದೆಯ ಮೇಲೆ ಅಕ್ಷರಗಳು ಹೊಳೆದವು.

"ನಿಮ್ಮ ವಿಮಾನ ಟಿಕೆಟ್ ಖಚಿತವಾಗಿದೆ. ಪ್ರಯಾಣಿಕರು: ಇಬ್ಬರು."

ಅವನು ಫೋನನ್ನು ಗಬಕ್ಕನೆ ಮಗುಚಿಹಾಕಿದ. ಆದರೆ ಅವಳು ಓದಿಯಾಗಿತ್ತು.

ಅವಳ ಕಸುಬಿನಲ್ಲಿ ಇಂಥವರು ಹೊಸಬರಲ್ಲ. ಅಂಗಡಿಗೆ ಬಂದು ಗಂಟೆಗಟ್ಟಲೆ ದಾರಿ, ದರ ಎಲ್ಲ ಕೇಳಿಕೊಂಡು, ಕೊನೆಗೆ ಹೊರಗೆ ನಿಂತು ಫೋನ್‌ನಲ್ಲಿ ತಾವೇ ಕೊಳ್ಳುವವರು. ವಾರಕ್ಕೆ ಮೂವರಾದರೂ ಬರುತ್ತಾರೆ. ಆದರೆ ಇವನು? ಇವನೂ ಅಷ್ಟೇನಾ?

"ಓಹೋ... ಕೊಂಡಾಯ್ತಾ?"

"ಅದು... ಅದಲ್ಲ ಮೇಡಂ... ನಾನು ಹೇಳ್ಬೇಕಂತಲೇ..."

"ಏನು ಹೇಳ್ತೀರಿ? ಹನ್ನೊಂದು ದಿನ ನನ್ನ ತಲೆ ತಿಂದ್ರಿ! ಊಟಕ್ಕೆ ಏಳದೆ ಹುಡುಕಿದ್ದೀನಿ ನಾನು. ಅದನ್ನೆಲ್ಲ ಬರ್ಕೊಂಡು ಹೋಗಿ ಫೋನ್‌ನಲ್ಲಿ ಕೊಂಡ್ರಾ? ಹೊರಗಡೆ ಮೇಜಿನ ಮೇಲಿಟ್ಟಿದ್ದನ್ನ ತಿನ್ನೋ ಒಳ್ಳೇ ಅಣ್ಣಂದಿರೇ ವಾಸಿ ಕಣ್ರೀ! ತಿಂದು ಹರಸಿಯಾದ್ರೂ ಹೋಗ್ತಾರೆ!"

"ಸುಯುನ್..." ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದ.

"ಹೆಸರು ಬೇರೆ! ತಗೊಳ್ಳಿ ನಿಮ್ಮ ಡಬ್ಬಿ. ಇನ್ನು ಈ ಹೊಸ್ತಿಲು ತುಳಿಯೋದು ಬೇಡ."

ಬೋಜುನ್‌ನ ಮುಖ ಕಪ್ಪಿಟ್ಟಿತು. ತಲೆ ತಗ್ಗಿಸಿಕೊಂಡು ಹೊರಟುಹೋದ. ಡಬ್ಬಿ ಅಲ್ಲೇ ಉಳಿಯಿತು.

ಸುಯುನ್ ಶೌಚಾಲಯದ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು. *ಹೋದದ್ದು ಟಿಕೆಟ್ ಅಲ್ಲ... ನಾನೇ ಹುಚ್ಚಿ. ನಾನೇ ಏನೇನೋ ಅಂದ್ಕೊಂಡೆ...*

ಮೂರು ದಿನ ಅವನ ಸುಳಿವಿಲ್ಲ. ಹತ್ತು ಗಂಟೆಗೆ ಅವಳು ಬಾಗಿಲಿಗೆ ಬೆನ್ನು ಹಾಕಿ ಕುಳಿತಳು. ಆದರೂ ಪ್ರತಿ ಹೆಜ್ಜೆಯ ಸಪ್ಪಳಕ್ಕೆ ಕಿವಿ ನಿಮಿರುತ್ತಿತ್ತು. ಎಂಥಾ ನಾಚಿಕೆಗೇಡು!

ನಾಲ್ಕನೇ ದಿನ ಬೆಳಿಗ್ಗೆ, ತಿಂಗಳ ಕೊನೆಯ ಪೂಜೆಗೆ ಚಿಕ್ಕಮ್ಮ ಮೇಜು ಹಾಕುತ್ತಿರುವಾಗ, ಹೂವಿನ ಅಂಗಿ ತೊಟ್ಟ ಸಣಕಲು ಮುದುಕಿಯೊಬ್ಬಳು ಕೊಡೆಯೂರಿಕೊಂಡು ಒಳಗೆ ಬಂದಳು.

"ನೀನೇನಾ ಸುಯುನ್? ಡಬ್ಬಿ ಕೊಡು. ಮನೇಲಿ ಇದ್ದದ್ದು ಅದೊಂದೇ ಒಳ್ಳೇದು."

ಸುಯುನ್ ಗಡಬಡಿಸಿ ಎದ್ದಳು. "ಅಜ್ಜೀ... ಕೂತ್ಕೊಳ್ಳಿ. ಟಿಕೆಟ್ ಸಿಕ್ತಲ್ಲ, ಸಂತೋಷ. ತಿಂಗಳು ಕಳೆದ ಮೇಲೆ ತಾನೇ ಹೊರಡೋದು? ನಿಮಗೆ ಏಳನೇ ತಿಂಗಳು ಆಗಿಬರಲ್ವಂತೆ..."

"ನನಗಾ?" ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಎಂಬತ್ತೊಂದು ವರ್ಷ ನನಗೆ! ಈಗ ಸುತ್ತಾಡ್ತಿರೋ ಒಳ್ಳೇ ಅಣ್ಣಂದಿರಲ್ಲಿ ಅರ್ಧ ಜನ ನನ್ನ ವಾರಿಗೆಯವ್ರೇ. ಸಿಕ್ಕಿದ್ರೆ ಮಾತಾಡಿಸ್ಕೊಂಡು ಹೋಗ್ತೀನಿ. ನನಗ್ಯಾಕೆ ಹೆದರಿಕೆ?"

"ಮತ್ತೆ... ಹುಣ್ಣಿಮೆ ಹಬ್ಬ? ನಾಲ್ಕನೇ ಸಾಲು? ನಿದ್ದೆ ಸಾಲಲ್ಲ ಅಂದದ್ದು?"

"ಕುಣಿಯೋಕೆ ಬಾರದವ್ಳು ನೆಲ ಡೊಂಕು ಅಂದ್ಳಂತೆ! ಎಲ್ಲಾ ಅವನದ್ದೇ ಕಣೇ. ಎಮ್ಮೆಯಂಥ ಆಳು, ವಿಮಾನ ಅಂದ್ರೆ ಪ್ರಾಣಭಯ! ಮೂವತ್ತನಾಲ್ಕು ವರ್ಷವಾಯ್ತು, ಒಂದ್ಸಲ ಹತ್ತಿಲ್ಲ. ನನಗೆ ಹೇಳೋಕೂ ನಾಚಿಕೆ, ನಿನಗೆ ಹೇಳೋಕಂತೂ ಸತ್ತೇ ಹೋಗ್ತಾನೆ."

ಅಜ್ಜಿ ಎಂದರೆ ಈ ತಿಂಗಳಿಗೆ ಹೆದರಲೇಬೇಕು ಎಂದುಕೊಂಡು, ಸುಯುನ್ ಒಂದು ಸಲವಾದರೂ ಅನುಮಾನಪಟ್ಟಿರಲಿಲ್ಲ. ಬೆವರಿದ ಹಣೆ... ಹರಿದ ಹಸಿರು ಪೊಟ್ಟಣ... ವಿಮಾನದ ಬಾಗಿಲಿನ ಪ್ರಶ್ನೆ... ಕಣ್ಣಮುಂದೆಯೇ ಇತ್ತಲ್ಲ!

"ಹಾಗಾದ್ರೆ ಆ ಟಿಕೆಟ್? ಇಬ್ಬರು ಅಂತ ಇತ್ತಲ್ಲ ಅಜ್ಜೀ?"

ಅಜ್ಜಿ ಚೀಲದಿಂದ ಮಡಿಸಿದ ಕಾಗದ ತೆಗೆದಳು. ತೈನಾನ್‌ನಿಂದ ಪೆಂಘು ದ್ವೀಪಕ್ಕೆ. ಬರೀ ಅರ್ಧ ಗಂಟೆಯ ಹಾರಾಟ, ಸಂಜೆಗೆ ವಾಪಸ್. ದಿನಾಂಕ ಇವತ್ತಿನದೇ. ಮೊದಲ ಹೆಸರು ಫಾಂಗ್ ಬೋಜುನ್.

ಎರಡನೆಯದು ಕೋ ಸುಯುನ್.

"ದೊಡ್ಡ ಪ್ರಯಾಣಕ್ಕೆ ಮುಂಚೆ ಚಿಕ್ಕದೊಂದು ಹತ್ತಿ ನೋಡ್ತೀನಿ, ಪಕ್ಕದಲ್ಲಿ ಅವ್ಳಿದ್ರೆ ಆಗುತ್ತೆ ಅಂದ. ನಿನ್ನ ಗುರುತಿನ ಸಂಖ್ಯೆ ಕೊಟ್ಟದ್ದು ನಿನ್ನ ಚಿಕ್ಕಮ್ಮ."

"ಚಿಕ್ಕಮ್ಮಾ!"

ಹೊರಗೆ ಚಿಕ್ಕಮ್ಮ ಊದುಬತ್ತಿಯ ಹೊಗೆಯ ಹಿಂದೆ ಮುಖ ಮರೆಸಿಕೊಂಡಳು. "ನನ್ನನ್ನ ಬೈಯೋಕೆ ಸಂಜೆ ಇದೆ. ವಿಮಾನಕ್ಕೆ ಒಂದೇ ಗಂಟೆ ಇದೆ, ಸ್ಕೂಟರ್ ತಗೊಂಡು ಓಡು!"

"ಅವನು ಅಲ್ಲಿದ್ದಾನಾ ಅಜ್ಜೀ?"

"ಆರು ಗಂಟೆಗೇ ಹೋಗಿ ಕೂತಿದ್ದಾನೆ. ಹತ್ತುತ್ತಾನೋ ಇಲ್ವೋ, ಅದು ಆ ದೇವರಿಗೇ ಗೊತ್ತು. ಅವನು ಇದನ್ನ ಹತ್ತದಿದ್ರೆ ನಾನು ಪೆನಾಂಗ್ ನೋಡಿದ ಹಾಗೇ ಇದೆ."

ಸುಯುನ್ ಓಡಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಪ್ರತಿ ಕೆಂಪು ದೀಪಕ್ಕೂ ಅವಳ ಕಣ್ಣು ತುಂಬುತ್ತಿತ್ತು.

ಪುಟ್ಟ ವಿಮಾನ ನಿಲ್ದಾಣದ ಮೂಲೆಯ ಕುರ್ಚಿಯಲ್ಲಿ ಬೋಜುನ್ ಕುಳಿತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ತೊಡೆಯ ಮೇಲೆ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದದ್ದು ಒಂದು ಹಸಿರು ಪೊಟ್ಟಣ.

"ಅದನ್ನ ಒಡೀಬೇಡ್ರೀ..." ಏದುಸಿರಿನಲ್ಲಿ ಅವಳೆಂದಳು.

ಅವನು ತಲೆಯೆತ್ತಿದ. "ಇಲ್ಲ. ಇದನ್ನ ಆ ಪೈಲಟ್‌ಗೆ ಕೊಟ್ರೆ ಮುಂದೆ ಇಟ್ಕೊತಾರಾ ಅಂತ ಕೇಳೋಣ ಅಂತಿದ್ದೆ."

ನಗು, ಅಳು ಎರಡೂ ಒಟ್ಟಿಗೇ ಬಂದವು ಅವಳಿಗೆ. "ಹೆದರಿಕೆ ಅಂತ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ? ಹನ್ನೊಂದು ಸಲ! ನಾನು ಎಷ್ಟು ಉರ್ಕೊಂಡೆ ಗೊತ್ತಾ?"

"ಹೇಳಿದ್ರೆ ನೀವು ನಗ್ತೀರಿ ಅಂತ. ಟಿಕೆಟ್ ಖಚಿತವಾದ್ರೆ ಮತ್ತೆ ಅಂಗಡಿಗೆ ಬರೋಕೆ ನೆಪ ಇರಲ್ಲ ಅಂತಾನೂ..." ಅವನು ಪೊಟ್ಟಣ ನೋಡುತ್ತಲೇ ಹೇಳಿದ. "ಆ ದಿನ ನೀವು ಹೊಸ ಓಲೆ ಹಾಕಿದ್ರಿ. ನೀಲಿದು. ಚೆನ್ನಾಗಿದೆ ಅನ್ನೋಕೆ ಬಾಯಿ ತೆಗೆದೆ, ವಿಮಾನದ ಬಾಗಿಲಿನ ಮಾತು ಬಂತು."

ಅವಳ ಕೆನ್ನೆ ಬಿಸಿಯಾಯಿತು. *ನೋಡಿದ್ದ! ಕಳ್ಳ!*

"ನನ್ನನ್ನ ಕ್ಷಮಿಸಿ. ಕೇಳದೇ ಬೈದೆ" ಎಂದಳು ಮೆಲ್ಲಗೆ.

ಧ್ವನಿವರ್ಧಕದಲ್ಲಿ ಪೆಂಘು ಪ್ರಯಾಣಿಕರನ್ನು ಕರೆದರು. ಅವನು ಎದ್ದ, ಎರಡು ಹೆಜ್ಜೆ ಇಟ್ಟ, ನಿಂತುಬಿಟ್ಟ.

"ಕಾಲು ಬರ್ತಿಲ್ಲ ಸುಯುನ್."

ಅವಳು ಅವನ ಕೈ ಹಿಡಿದಳು. ಇನ್ನೂರು ಮುಳ್ಳು ಬಿಡಿಸಿಯೂ ನಡುಗದ ಆ ಕೈ ಈಗ ಗಡಗಡ ನಡುಗುತ್ತಿತ್ತು.

"ಮೊದಲನೇದು ಹತ್ತದಿದ್ರೆ?" ಎಂದು ಕೇಳಿದಳು.

"ಮುಂದಿನದೆಲ್ಲ... ರದ್ದು."

"ನಮ್ಮ ಮುಂದಿನದು ರದ್ದಾಗೋದು ನನಗೆ ಬೇಡ ಬೋಜುನ್. ನಡೀರಿ."

*ನಮ್ಮ* ಎಂದದ್ದು ಅವನ ಕಿವಿಗೆ ಬಿತ್ತು. ಕಾಲು ಬಂತು.

ವಿಮಾನ ನೆಲ ಬಿಡುವಾಗ ಅವನು ಕಣ್ಣು ಬಿಗಿಯಾಗಿ ಮುಚ್ಚಿ ಗೊಣಗಿದ, "ಇಳಿದ ತಕ್ಷಣ ಅಜ್ಜಿ ಟಿಕೆಟ್ ಖಚಿತ ಮಾಡಿ. ಇಪ್ಪತ್ತೊಂಬತ್ತು ಸಾವಿರದ್ದು."

"ಅದು ಮೊನ್ನೆಯೇ ಹೋಯ್ತು. ಈಗ ಮೂವತ್ತೊಂದು."

"ಅಯ್ಯೋ!"

"ಮತ್ತೆ ನೆಪ ಹೇಳಿದ್ರೆ ಮೂವತ್ತೈದು."

"ಇಲ್ಲ ಇಲ್ಲ, ಮಾಡಿಬಿಡಿ! ಆದ್ರೆ... ಎರಡಲ್ಲ, ಮೂರು ಸೀಟು. ನೀವೂ ಬರ್ತೀರಾ? ಬರೀ ವಿಮಾನದಲ್ಲಿ ಅಲ್ಲ... ಎಲ್ಲದಕ್ಕೂ. ನನಗೆ ನೀವು ಬೇಕು ಸುಯುನ್. ಮುಳ್ಳು ಬಿಡಿಸಿದ ಮೊದಲ ದಿನದಿಂದಲೂ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು. ಕೆಳಗೆ ಕಡಲು ಬಿಸಿಲಿಗೆ ಮಿರುಗುತ್ತಿತ್ತು, ಆದರೆ ಅವನು ಒಂದು ಸಲವೂ ಕಣ್ಣು ಬಿಡಲಿಲ್ಲ.

"ಇನ್ನೂ ಎಷ್ಟು ಹೊತ್ತು?" ಕೊನೆಗೆ ಕೇಳಿದ.

"ಇಳಿದು ಐದು ನಿಮಿಷ ಆಯ್ತು. ಎಲ್ರೂ ಹೋದ್ರು. ಇನ್ನು ಕೈ ಬಿಡಬಹುದು."

"ಬಿಡ್ಲೇಬೇಕಾ?"

"ಬೇಡ."

ಆಗ ಅವನು ಕಣ್ಣು ತೆರೆದ.